ಯುಗಾದಿಗೆ ಬೇಡವಾದ ನಾಲ್ಕನೆಯ ಹಾಳೆ

ಹೋದ ತಿಂಗಳು ಕೇಶ್ವಾಪುರದಲ್ಲಿ ಆಟೋದಿಂದ ಇಳಿಯುತ್ತಿದ್ದೆ. ಪಕ್ಕದಲ್ಲೇ ನೀರಿನ ಟ್ಯಾಂಕರೊಂದು ಸೋರುತ್ತ ಹೋಯಿತು. ಕಾದ ರಸ್ತೆಯಂಚಿನ ಧೂಳಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ಎಲ್ಲರಿಗೂ ಗೊತ್ತು. ಬೇರೆಯವರಿಗೆ ಅದರಿಂದ ಮೊದಲ ಮಳೆ ನೆನಪಾಗಬಹುದು, ನನಗೆ ಮಾತ್ರ ಮೈ ಉರಿಯುತ್ತದೆ. ಇಪ್ಪತ್ತು ವರ್ಷದ ಮೇಲಾಯಿತು, ಇಷ್ಟರಲ್ಲಿ ಸಿಟ್ಟು ಆರಬೇಕಿತ್ತು. ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ಧಾರವಾಡದಿಂದ ದಿನಾ ಬಸ್ಸು ಹಿಡಿದು ಬಂದು, ಕೇಶ್ವಾಪುರದಲ್ಲಿ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾನು ಪ್ರೋಗ್ರಾಮ್ ಬರೆಯುವ ಕೆಲಸ ಮಾಡುತ್ತಿದ್ದೆ. ಮೂರು ಕಂಪ್ಯೂಟರು, ಎರಡು ಫ್ಯಾನು. ಕೆಳಗೆ ಸ್ಟೀಲಿನ ಕೊಡಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು, ಮೇಲೆ ಕರೆಂಟು ಹೋದಾಗಲೆಲ್ಲ ನಮ್ಮ ನಿಟ್ಟುಸಿರು. ಮಾಲೀಕರು ಪ್ರಮೋದ ಸರ್. ಮಾತು ಮಿದು, ಇಸ್ತ್ರಿ ಮುರಿಯದ ಅಂಗಿ, ದಿನಾ ಬೆಳಿಗ್ಗೆ ಪ್ರಿಂಟರಿಗೂ ಊದಿನಕಡ್ಡಿ ಬೆಳಗುವ ಭಕ್ತಿ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೇ ಕಷ್ಟ. ಒರಟರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ನಮ್ಮಲ್ಲಿಗೆ ಬರುವ ಗಿರಾಕಿಗಳು ನೂರು ತರಹದವರು, ಔಷಧಿ ಅಂಗಡಿಯವರು, ಹತ್ತಿ ವ್ಯಾಪಾರಿಗಳು, ಶಾಲೆಯವರು. ಆದರೆ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಒಂದು ಯಾದಿ ಇರುತ್ತದೆ, ಅದರ ಮೇಲೆ ಒಂದೊಂದಾಗಿ ನಡೆದುಕೊಂಡು ಹೋಗಬೇಕು. ತೊಡಕಿದ್ದದ್ದು ಯಾದಿ ಇಡುವ ರೀತಿಯಲ್ಲಿ. ಒಂದು ಕಡೆ ಹೆಸರುಗಳು ಅಡುಗೆಮನೆಯ ಡಬ್ಬಿಗಳ ಹಾಗೆ ಒತ್ತೊತ್ತಾಗಿ ಕುಳಿತಿರುತ್ತವೆ. ಇನ್ನೊಂದು ಕಡೆ ಚದುರಿಕೊಂಡು, ಒಂದರಿಂದ ಒಂದಕ್ಕೆ ಕೊಂಡಿ ಹಾಕಿಕೊಂಡಿರುತ್ತವೆ. ಮತ್ತೊಂದು ಕಡೆ ಫೈಲಿನಲ್ಲಿ ಮಲಗಿರುತ್ತವೆ. ನಾವು ಬರೆಯುತ್ತಿದ್ದ ಸಿ ಭಾಷೆಯಲ್ಲಿ ಇವೆಲ್ಲಕ್ಕೂ ಒಂದೇ ನಡಿಗೆ ಎಂಬುದು ಸಿದ್ಧವಾಗಿ ಸಿಗುವುದಿಲ್ಲ, ಬೇಕಾದರೆ ನಾವೇ ಕಟ್ಟಿಕೊಳ್ಳಬೇಕು. ಕಟ್ಟಿಕೊಳ್ಳದ ನಾವು ಪ್ರತಿ ಗಿರಾಕಿಗೂ ಹೊಸದಾಗಿ ಬರೆಯುತ್ತಿದ್ದೆವು, ಪ್ರತಿ ಸಲ ಹೊಸ ತಪ್ಪು ಮಾಡುತ್ತಿದ್ದೆವು.

ನನಗೆ ದಾರಿ ಹೊಳೆದದ್ದು ಊಟಕ್ಕೆ ಕೂತಾಗ. ಆಫೀಸಿನಿಂದ ಗೋಪನಕೊಪ್ಪದ ಕಡೆ ಸ್ವಲ್ಪ ನಡೆದರೆ ಓಣಿಯೊಂದರ ತುದಿಯಲ್ಲಿ ಗಂಗವ್ವನ ಖಾನಾವಳಿ. ಮನೆಯ ಪಡಸಾಲೆಯೇ ಖಾನಾವಳಿ. ಗೋಡೆಗುಂಟ ಚಾಪೆಯ ತುಂಡು ಹಾಸಿರುತ್ತಿದ್ದಳು, ಊಟಗಾರರು ಒಂದೇ ಸಾಲಿನಲ್ಲಿ ಕೂರಬೇಕು. ಒಬ್ಬಳೇ ಬಡಿಸುತ್ತಿದ್ದಳು. ಬಿಸಿ ರೊಟ್ಟಿಯ ಬುಟ್ಟಿ ಸೊಂಟಕ್ಕಿಟ್ಟು, ತಾಟಿನಿಂದ ತಾಟಿಗೆ, ಕೂತವನು ವಕೀಲನೋ ಹಮಾಲನೋ ಎಂದು ತಲೆ ಎತ್ತಿ ನೋಡದೆ. ನಡುವೆ ಬುಟ್ಟಿ ಬರಿದಾದರೆ ಒಳಗೆ ಹೋಗಿ ತುಂಬಿಕೊಂಡು ಬಂದು, ಬಿಟ್ಟ ಚಾಪೆಯ ಮುಂದಿನ ಚಾಪೆಯಿಂದ ಮತ್ತೆ ಶುರು. ಅವಳು ನೆನಪಿಡುತ್ತಿದ್ದದ್ದು ಚಾಪೆಯನ್ನು, ಮುಖವನ್ನಲ್ಲ.

ಅದಕ್ಕೇ ಅವಳದೊಂದು ಕಟ್ಟಳೆ ಇತ್ತು. ಯಾರಾದರೂ ನಡುವೆ ಎದ್ದರೆ ಅವರ ಹಿಂದೆ ಕೂತವರು ಸಾಲಿನ ತಲೆಯಲ್ಲಿದ್ದ ಫ್ಯಾನಿನ ಕಡೆಗೆ ಒಂದೊಂದು ಚಾಪೆ ಸರಿಯುತ್ತಾರೆ. ಬಡಿಸಿ ಮುಗಿದ ಚಾಪೆಗೆ ಬಡಿಸದವನೊಬ್ಬ ಬಂದು ಕೂರುತ್ತಾನೆ. ಅವನ ತಾಟು ಖಾಲಿಯೇ ಉಳಿಯುತ್ತದೆ. ಒಮ್ಮೆ ಹೀಗಾಗಿ ಮುದುಕರೊಬ್ಬರು ರೊಟ್ಟಿಗೆ ಕಾದು ಕಾದು ಎದ್ದು ಹೋಗಿದ್ದರಂತೆ. ಅಂದಿನಿಂದ ಗಂಗವ್ವನದು ಒಂದೇ ಮಾತು. "ಸಾಲ ಮುಗಿಯೂತನಾ ಯಾರೂ ಏಳಾಂಗಿಲ್ಲ ನೋಡ್ರಿ. ಅವಸರ ಇದ್ದಾಂವ ಕುಂಡ್ರಾಕs ಬರಬ್ಯಾಡ್ರಿ."

ನಾನು ಬರೆದದ್ದು ಅಷ್ಟೇ. ಮೂರು ಕೆಲಸಗಳು: ಶುರು, ಮುಂದಿನದು, ಮುಗಿಸು. ಹೆಸರೂ ಅವೇ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಶಬ್ದ. 'ಶುರು' ಸಾಲಿನ ತಲೆಗೆ ತಂದು ನಿಲ್ಲಿಸುತ್ತದೆ. 'ಮುಂದಿನದು' ಪ್ರತಿ ಸಲ ಒಬ್ಬರನ್ನು ಕೈಗೆ ಕೊಡುತ್ತದೆ, ಯಾರೂ ಉಳಿಯದಿದ್ದಾಗ ಖಾಲಿ ಕೈ ತೋರಿಸುತ್ತದೆ. 'ಮುಗಿಸು' ತೆಗೆದುಕೊಂಡ ಜಾಗ ಬಿಟ್ಟುಕೊಡುತ್ತದೆ. ಸಾಲಿನಲ್ಲಿ ಕೂತದ್ದು ಔಷಧಿಯೋ ಹತ್ತಿ ಅಂಡಿಗೆಯೋ ಎಂದು 'ಮುಂದಿನದು' ಕೇಳುವುದಿಲ್ಲ, ಕಂಪ್ಯೂಟರಿನೊಳಗೆ ಅದು ಕೂತ ಜಾಗದ ವಿಳಾಸ ಮಾತ್ರ ಹಿಡಿದು ಕೊಡುತ್ತದೆ. ಒತ್ತಾಗಿ ಕೂತ ಯಾದಿಗೆ ಒಂದು ಬಗೆಯ 'ಮುಂದಿನದು', ಕೊಂಡಿ ಹಾಕಿದ ಯಾದಿಗೆ ಇನ್ನೊಂದು. ಅವು ಒಳಗಿನ ಮಾತು, ಬಳಸುವವರಿಗೆ ಬೇಡ. ಮಾಡಿ ಮುಗಿಸಿದ ದಿನ ನನಗಾದ ಸಂತೋಷ ದೊಡ್ಡದು. ಹತ್ತಾರು ಪ್ರೋಗ್ರಾಮುಗಳ ಜಂಜಾಟ ಒಂದು ಅಂಗೈ ಅಗಲದಲ್ಲಿ ಕೂತಿತ್ತು.

ಕಟ್ಟುವುದಕ್ಕಿಂತ ಕಷ್ಟವಾದದ್ದು ಅದರ ವಿವರಣೆ ಬರೆಯುವುದು. ನಾಳೆ ಬರುವ ಹೊಸಬನಿಗೆ ನನ್ನನ್ನು ಕೇಳದೆ ತಿಳಿಯಬೇಕು. ಕನ್ನಡದಲ್ಲೇ ಬರೆದೆ, ನಾಲ್ಕು ಹಾಳೆ. ಮೊದಲ ಮೂರರಲ್ಲಿ ಏನು ಮಾಡಬೇಕು ಎಂಬುದು. ನಾಲ್ಕನೆಯದರಲ್ಲಿ ಏನು ಮಾಡಬಾರದು ಎಂಬುದು. ನಡೆಯುತ್ತಿರುವಾಗ ಸಾಲಿನಿಂದ ಯಾರನ್ನೂ ಎಬ್ಬಿಸಬಾರದು, ಎಬ್ಬಿಸಿದರೆ ಅವರ ಹಿಂದಿನವರಿಗೆ ತಪ್ಪುತ್ತದೆ. ಎಬ್ಬಿಸಲೇಬೇಕಾದವರ ಹೆಸರು ಬೇರೆ ಕಡೆ ಇಟ್ಟುಕೊಂಡು, ಸಾಲು ಮುಗಿದ ಮೇಲೆ ಎಬ್ಬಿಸಬೇಕು. ಕೈಗೆ ಬಂದದ್ದು ನಿಮ್ಮದಲ್ಲ, ಅದನ್ನು ಅಳಿಸಬಾರದು. ಖಾನಾವಳಿಯ ಹೋಲಿಕೆಯನ್ನೂ ಕೊಟ್ಟಿದ್ದೆ. ನನ್ನ ಮಟ್ಟಿಗೆ ಆ ಒಂದು ಹಾಳೆಗಾಗಿಯೇ ಉಳಿದ ಮೂರು ಇದ್ದವು. ಮಾಡು ಎನ್ನುವುದನ್ನು ಜನ ಓದದೆಯೂ ಮಾಡುತ್ತಾರೆ, ಬರೆದಿಡಬೇಕಾದದ್ದು ಬೇಡ ಎನ್ನುವುದನ್ನು.

ಯುಗಾದಿ ಬಂತು. ಹೊಸ ಕೆಲಸದ ಕಾಗದಗಳನ್ನು ಅಂದು ದೇವರ ಮುಂದೆ ಇಟ್ಟು ಪೂಜೆ ಮಾಡುವುದು ನಮ್ಮ ಆಫೀಸಿನ ಪದ್ಧತಿ. ಡಿಟಿಪಿ ಮಾಡಿಸಿ ತಂದ ನಾಲ್ಕು ಹಾಳೆಗಳನ್ನು ಪ್ರಮೋದ ಸರ್ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು. ಮೂರು ಹಾಳೆಗೆ ತಲೆದೂಗಿದರು, ನಾಲ್ಕನೆಯದಕ್ಕೆ ಮುಖ ಸಣ್ಣದು ಮಾಡಿದರು.

"ಗಿರಿಜಾ, ಏನಿದು? ಎಬ್ಬಿಸಬಾರದು, ಅಳಿಸಬಾರದು, ತಪ್ಪತದ, ಇಲ್ಲ, ಅಲ್ಲ. ವರ್ಷದ ಮೊದಲ ದಿನಾ ದೇವ್ರ ಮುಂದ ಇಂಥಾ ಹಾಳಿ ಇಡೂದೇನು? ಮನ್ಯಾಗ ಅಕ್ಕಿ ತೀರಿದ್ರ ತೀರ್ತು ಅಂತೀವೇನ? ಹೆಚ್ಚಾಗೇದ ಅಂತೀವಿ."

"ಸರ್, ಇದು ಅಕ್ಕಿ ಡಬ್ಬಿ ಅಲ್ರಿ. ಈ ಹಾಳಿ ತಗದ್ರ ಉಳದ ಮೂರು ಓದಿದಾಂವ ಸೀದಾ ತಗ್ಗಿನ್ಯಾಗ ಬೀಳ್ತಾನ್ರಿ."

"ಅಪಶಕುನ ಮಾತಾಡಬ್ಯಾಡವಾ. ಗಿರಾಕಿ ನೋಡಿದ್ರ ಏನಂದಾರು? ತಮ್ಮ ಮಾಲಿನ ಹುಳುಕು ತಾವs ಬರದಾರ ಅಂತಾರ."

"ಯುಗಾದಿಗೆ ಬೆಲ್ಲದ ಜೋಡಿ ಬೇವೂ ತಿಂತೀವಲ್ರಿ ಸರ್?"

ಅವರು ನಕ್ಕರು. ನನ್ನ ಮಾತು ಚೆನ್ನಾಗಿದೆ ಎಂದು ಮೆಚ್ಚಿ ನಕ್ಕರು, ಆಮೇಲೆ ನಾಲ್ಕನೆಯ ಹಾಳೆಯನ್ನು ಮಡಚಿ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಯ ಸಂದಿಗೆ ತುರುಕಿದರು. ಮೂರು ಹಾಳೆಗೆ ಅರಿಷಿಣ ಕುಂಕುಮ ಬಿತ್ತು. ಹಬ್ಬದ ದಿನ ಇನ್ನೇನು ಮಾತಾಡುವುದು? ಬೇವು-ಬೆಲ್ಲ ಕೈಗೆ ಕೊಟ್ಟರು. ಬೇವಿನ ಎಸಳು ಬೆಲ್ಲದಲ್ಲಿ ಕಾಣದಷ್ಟು ಸಣ್ಣದಿತ್ತು.

ಹಬ್ಬದ ಮರುವಾರವೇ ನನ್ನನ್ನು ಗದಗಿನ ಗಿರಾಕಿಯೊಬ್ಬರ ಕೆಲಸಕ್ಕೆ ಕಳಿಸಿದರು. ನನ್ನ ಜಾಗಕ್ಕೆ ಮಹಾಂತೇಶ ಬಂದ. ಡಿಪ್ಲೊಮಾ ಮುಗಿಸಿದ ಚುರುಕು ಹುಡುಗ, ನಾನು ಹೋದ ಮೇಲೆ ಸೇರಿದವನು. ಅವನಿಗೆ ಬಿದ್ದ ಮೊದಲ ಕೆಲಸ ಗೋಕುಲ ರಸ್ತೆಯ ಟ್ಯಾಂಕರ್ ಮಾಲೀಕರದು. ಆ ಬೇಸಿಗೆ ನಳದ ನೀರಿನ ಮುಖ ನೋಡಿ ವಾರಗಟ್ಟಲೆ ಆಗಿತ್ತು, ಓಣಿ ಓಣಿಗೆ ಟ್ಯಾಂಕರ್ ನೀರೇ ಗತಿ. ಯಾವ ಮನೆಗೆ ನೀರು ಬಿಡಬೇಕು ಎಂದು ಓಣಿಯ ಸಾಲಿನಂತೆಯೇ ಬರೆದ ಯಾದಿಯನ್ನು ಕಂಪ್ಯೂಟರ್ ಬೆಳಿಗ್ಗೆ ಓದಿ ಮನೆಗೊಂದು ಚೀಟಿ ಮುದ್ರಿಸುವುದು, ಡ್ರೈವರು ಚೀಟಿ ಇದ್ದ ಮನೆಗೆ ನೀರು ಬಿಡುವುದು. ಮಹಾಂತೇಶ ನನ್ನ ಮೂರು ಹಾಳೆ ಓದಿ, ಅದರಂತೆಯೇ ಬರೆದು, ಎಲ್ಲರಿಂದ ಶಭಾಸ್ ಎನ್ನಿಸಿಕೊಂಡ.

ನಾನು ಗದಗಿನಿಂದ ಮರಳುವ ಹೊತ್ತಿಗೆ ಮೇ ಬಿಸಿಲು ನೆತ್ತಿಗೇರಿತ್ತು. ಮೊದಲ ದಿನವೇ ರೊಟ್ಟಿಯ ಆಸೆಗೆ ಗಂಗವ್ವನ ಓಣಿಗೆ ಹೋದರೆ ಬಾಗಿಲು ಮುಂದೆ ಮಾಡಿತ್ತು. ದೂಡಿ ಒಳಗೆ ಹೋದೆ. ಚಾಪೆಗಳೆಲ್ಲ ಸುತ್ತಿ ಮೂಲೆಗೆ ನಿಂತಿದ್ದವು. ಗಂಗವ್ವ ಖಾಲಿ ಹಂಡೆಯ ಪಕ್ಕ ಕೂತಿದ್ದಳು.

"ಬಾ ಯವ್ವಾ. ಊಟಕ್ಕ ಬಂದೀ? ರೊಟ್ಟಿ ಹಿಟ್ಟ ನಾದಾಕ ನೀರಿಲ್ಲ ನನ್ನ ಮನ್ಯಾಗ."

"ಟ್ಯಾಂಕರ್ ಬರಲಿಲ್ಲೇನ್ರಿ ಗಂಗವ್ವಾರ?"

"ಬಂತಲ್ಲ. ಓಣ್ಯಾಗ ಎಲ್ಲಾರಿಗೂ ಬಿಟ್ಟ, ನನ್ನ ಮನಿ ಮುಂದ ನಿಂದರಲಿಲ್ಲ. ಯಾಕೋ ಅಂದ್ರ, ನಿಂದು ಚೀಟಿ ಇಲ್ಲಬೇ ಅಂದ. ಗೋಕುಲ ರೋಡಿನ ಆಫೀಸಿಗೆ ಹ್ವಾದ್ನಿ. ಕಂಪ್ಯೂಟರಿನ್ಯಾಗ ನಿನಗ ಕೊಟ್ಟೈತಿ ಅಂತ ಬಂದೈತಿ, ಸುಳ್ಳ ಹೇಳಾಕ ನಾಚಿಗಿ ಇಲ್ಲೇನು ಅಂದ್ರು. ಒಂದ ಸಲಾ ಅಲ್ಲ ಯವ್ವಾ, ಮತ್ತ ಮತ್ತ ಹಿಂಗs ಆತು."

ಮಾತು ಅಲ್ಲಿಗೇ ನಿಂತಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಖಾನಾವಳಿಗೆಂದು ಅವಳು ಉಳಿದವರಿಗಿಂತ ಹೆಚ್ಚು ನೀರು ಬರೆಸಿದ್ದಳು. ಆ ನೀರನ್ನು ಮದುವೆ ಮನೆಗಳಿಗೆ ಮಾರಿಕೊಂಡು ಮತ್ತೆ ಕೇಳಲು ಬರುತ್ತಾಳೆ ಎಂದು ಟ್ಯಾಂಕರ್ ಆಫೀಸಿನಲ್ಲಿ ಆಡಿದ ಮಾತು ಓಣಿಗೂ ಬಂದಿತ್ತು. ಓಣಿಯವರು ಒಂದು ಕೊಡ ಕಡ ಕೊಡುವುದನ್ನೂ ನಿಲ್ಲಿಸಿದ್ದರು. ದಿನಾ ಬರುವ ಊಟಗಾರರು ಬೇರೆ ಖಾನಾವಳಿ ನೋಡಿಕೊಂಡಿದ್ದರು. "ನೀರ ಹ್ವಾದ್ರ ಹೋಗ್ಲಿ, ಬರ್ತೈತಿ. ಗಂಡ ಸತ್ತಾಗಿಂದ ಈ ಓಣ್ಯಾಗ ನನ್ನ ಮಾತಿಗೆ ಒಂದ ತೂಕ ಇತ್ತು. ಅದು ಹೋತಲ್ಲ," ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳಲಾದರೂ ಬರುತ್ತಿತ್ತು.

ಅವಳ ಮನೆಗಿಂತ ಮೊದಲು ಬಾಡಿಗೆ ಮನೆಗಳ ಒಂದು ಸಾಲಿತ್ತು. ಅದರಲ್ಲಿ ಅವಳ ಕಡೆಯ ಮನೆಗಳಿಗೆಲ್ಲ ಬೀಗ ಬಿದ್ದಿತ್ತು. ಕೇಳಿದೆ. ಮಕ್ಕಳ ರಜೆಗೆ ಒಬ್ಬೊಬ್ಬರಾಗಿ ಊರಿಗೆ ಹೋಗಿದ್ದಾರೆ, ಮೊದಲು ಪಕ್ಕದ ಮನೆಯವರು, ಆಮೇಲೆ ಅವರ ಆಚೆಯವರು, ಹೋಗುವಾಗ ನೀರಿನ ಯಾದಿಯಿಂದ ಹೆಸರು ತೆಗೆಸಿ ಹೋಗಿದ್ದಾರೆ ಎಂದಳು. ಆಫೀಸಿಗೆ ಓಡಿದೆ.

ಮಹಾಂತೇಶನ ಪ್ರೋಗ್ರಾಮ್ ತೆರೆಸಿದೆ. ಅಲ್ಲೇ ಇತ್ತು. ಒಂದೊಂದೇ ಮನೆಯ ಮೇಲೆ ನಡೆಯುತ್ತ, ಹೆಸರು ತೆಗೆಸಿದ ಮನೆ ಸಿಕ್ಕರೆ ನಿಂತ ಕಾಲಲ್ಲೇ ಅದನ್ನು ಯಾದಿಯಿಂದ ಎಬ್ಬಿಸುತ್ತಿದ್ದ. ಹಿಂದಿನವರು ಒಂದು ಜಾಗ ಮುಂದೆ ಸರಿಯುತ್ತಿದ್ದರು. 'ಮುಂದಿನದು' ಪಾಪ, ತನ್ನ ಪಾಡಿಗೆ ಮುಂದಿನ ಜಾಗಕ್ಕೆ ಹೋಗುತ್ತಿತ್ತು. ಬೀಗ ಬಿದ್ದ ಮನೆಯ ನಂತರದ ಮನೆಗೆ ಚೀಟಿಯೇ ಇಲ್ಲ. ಬೇರೆ ಓಣಿಗಳಲ್ಲೂ ಒಬ್ಬೊಬ್ಬರಿಗೆ ಒಮ್ಮೊಮ್ಮೆ ತಪ್ಪಿತ್ತು, ಅವರು ಪಕ್ಕದ ಮನೆಯಿಂದ ನೀರು ತಂದು ಸುಮ್ಮನಾಗಿದ್ದರು. ಗಂಗವ್ವನ ಪಕ್ಕದಿಂದಲೇ ಮನೆಗಳು ಖಾಲಿಯಾಗುತ್ತ ಹೋದದ್ದರಿಂದ ಪ್ರತಿ ಸಲವೂ ಅವಳಿಗೇ ತಪ್ಪಿತು. ಕೊನೆಗೆ ಪ್ರೋಗ್ರಾಮು ಯಾದಿಯಲ್ಲಿ ಉಳಿದವರೆಲ್ಲರ ಮುಂದೆ 'ಕೊಟ್ಟಿದೆ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿತ್ತು.

"ನಡೀತಿರುವಾಗ ಎಬ್ಬಿಸಬಾರದು ಅಂತ ಬರದಿದ್ನಲ್ಲೋ ಮಹಾಂತೇಶ?" ಸಿಟ್ಟಿನ ಭರದಲ್ಲಿ ಕಿಟಕಿಯ ನೆನಪೇ ಆಗದೆ ಕೇಳಿದೆ.

"ಎಲ್ಲಿ ಬರದೀರಿ ಅಕ್ಕಾರ?" ಅವನು ಮೂರು ಹಾಳೆ ತಂದು ತೋರಿಸಿದ. ಮೊದಲ ಹಾಳೆಯ ಮೂಲೆಯಲ್ಲಿ ಕುಂಕುಮ ಇನ್ನೂ ಕೆಂಪಗಿತ್ತು. "ಒಂದ ಅಕ್ಷರ ಬಿಡಲಾರದ ಓದೇನ್ರಿ ನಾ."

ಓದಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಓದಲೆಂದೇ ಬರೆದದ್ದನ್ನು ಓದಲು ಕೊಡದೆ ಕಿಟಕಿಗೆ ತುರುಕಿದ್ದರು. ಸರಿಪಡಿಸುವುದು ಎಷ್ಟರ ಕೆಲಸ? ಏಳಬೇಕಾದವರ ಹೆಸರು ಪಕ್ಕಕ್ಕೆ ಇಟ್ಟುಕೊಂಡು ಸಾಲು ಮುಗಿದ ಮೇಲೆ ಎಬ್ಬಿಸುವುದು. ಇಬ್ಬರೂ ಕೂತು ಚಹಾ ಬರುವಷ್ಟರಲ್ಲಿ ಮಾಡಿದೆವು. ಅಷ್ಟು ಸಣ್ಣದಕ್ಕೆ ಒಂದು ಹೆಣ್ಣುಮಗಳು ಓಣಿಯಲ್ಲಿ ಕಳ್ಳಿ ಎನ್ನಿಸಿಕೊಂಡಿದ್ದಳು.

ಪ್ರಮೋದ ಸರ್ ಎದುರು ನಿಂತು ಎಲ್ಲ ಹೇಳಿದೆ. ಸಮಾಧಾನದಿಂದ ಕೇಳಿದರು.

"ಈಗ ಸರಿ ಆತಲ್ಲ? ಮುಗೀತು ಬಿಡು."

"ಮುಗೀಲಿಲ್ರಿ ಸರ್. ಟ್ಯಾಂಕರ್ ಮಾಲೀಕರಿಗೆ ಹೇಳ್ರಿ. ಗಂಗವ್ವ ಸುಳ್ಳ ಹೇಳಿಲ್ಲ, ತಪ್ಪು ನಮ್ಮ ಪ್ರೋಗ್ರಾಮಿನದು ಅಂತ."

"ತಪ್ಪು ಅಂತ ಯಾಕ ಅನಬೇಕು? ಸುಧಾರಣಾ ಮಾಡೇವಿ ಅನ್ನೋಣು. ಮಾತಿನ್ಯಾಗ ಶುಭ ಇರಬೇಕು ಗಿರಿಜಾ. ಇಲ್ಲಾಂದ್ರ ಹೊಸಾ ಹುಡುಗ, ತಿಳೀಲಿಲ್ಲ ಅಂತ ಹೇಳಿದ್ರಾತು."

ಮಹಾಂತೇಶ ಪಕ್ಕದಲ್ಲೇ ನಿಂತಿದ್ದ. "ಅವನ ಹೆಸರ ತಗೊಂಡ್ರ ನಾ ಇವತ್ತs ಕೆಲಸಾ ಬಿಡ್ತೇನ್ರಿ" ಎಂದೆ. ಅವರು ಅವನ ಹೆಸರು ತೆಗೆದುಕೊಳ್ಳಲಿಲ್ಲ, ಯಾರ ಹೆಸರನ್ನೂ ತೆಗೆದುಕೊಳ್ಳಲಿಲ್ಲ. ಟ್ಯಾಂಕರ್ ಮಾಲೀಕರಿಗೆ ಫೋನು ಮಾಡಿ ಸುಧಾರಣೆ ಮಾಡಿದ್ದೇವೆ ಎಂದಷ್ಟೇ ಹೇಳಿದರು, ಅದೇ ಅವರ ಜಾಣತನ. ನಾನೂ ಮಹಾಂತೇಶನೂ ಗೋಕುಲ ರಸ್ತೆಗೆ ಹೋಗಿ ಟ್ಯಾಂಕರ್ ಮಾಲೀಕರಿಗೆ ಇದ್ದದ್ದು ಇದ್ದಂತೆ ಹೇಳಿದೆವು. ಆತ ಹಲ್ಲು ಚುಚ್ಚಿಕೊಳ್ಳುತ್ತ ಕೇಳಿ, "ನಿಮ್ಮ ಸಾಹೇಬ್ರು ಬ್ಯಾರೆ ಹೇಳ್ಯಾರಲ್ಲ. ಅವರs ಬಂದು ಹೇಳ್ಲಿ ತಗೀರಿ" ಎಂದ. ಸಂಬಳದವರ ಸತ್ಯಕ್ಕೆ ಅಲ್ಲಿ ಬೆಲೆ ಇರಲಿಲ್ಲ.

ಗಂಗವ್ವನ ಮನೆಗೆ ಹೋಗಿ ಹೊಸ್ತಿಲಲ್ಲೇ ಕೂತು ಎಲ್ಲ ಹೇಳಿದೆ. ಹಾಳೆ, ಕಿಟಕಿ, ಯುಗಾದಿ, ಸುಧಾರಣೆ, ಒಂದನ್ನೂ ಬಿಡಲಿಲ್ಲ. ಓಣಿಯ ಹೆಂಗಸರಿಗೂ ಕೇಳಲೆಂದು ದನಿ ಎತ್ತರಿಸಿಯೇ ಹೇಳಿದೆ. ಒಬ್ಬಿಬ್ಬರು ತಲೆ ತಗ್ಗಿಸಿ ಒಳಗೆ ಹೋದರು. ಗಂಗವ್ವ ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. "ನಾಳಿಗೆ ನೀರ ಬರ್ತೈತೇನು?" ಎಂದು ಮಾತ್ರ ಕೇಳಿದಳು. ಬರುತ್ತದೆ ಎಂದೆ.

ಬಂತು. ಮರುದಿನ ಅವಳ ಮನೆಯ ಚೀಟಿ ಮುದ್ರಣವಾಯಿತು, ಹಂಡೆ ತುಂಬಿತು, ಚಾಪೆಗಳು ಗೋಡೆಗುಂಟ ಮತ್ತೆ ಬಿಚ್ಚಿಕೊಂಡವು. ಹಳೆಯ ಊಟಗಾರರಲ್ಲಿ ಅರ್ಧ ಜನ ಬಂದಿದ್ದರು. ಟ್ಯಾಂಕರಿನ ಡ್ರೈವರೂ ಬಂದು ಸಂಕೋಚದಿಂದ ಮೂಲೆಯ ಚಾಪೆ ಹಿಡಿದಿದ್ದ. ನಾನು, ನನ್ನ ಪಕ್ಕ ಮಹಾಂತೇಶ. ಅಷ್ಟರಲ್ಲಿ ಪ್ರಮೋದ ಸರ್ ಬಂದರು! ಗಂಗವ್ವನ ಎಣಗಾಯಿ ಪಲ್ಯ ಎಂದರೆ ಅವರಿಗೆ ಪ್ರಾಣ. ನೀರು ಬಂತು, ಇನ್ನೇನು ಉಳಿಯಿತು ಎಂಬ ಲೆಕ್ಕ. "ಏನ ಗಂಗವ್ವಾ, ಅರಾಮಿದ್ದೀ?" ಎಂದು ಸಾಲಿನ ನಟ್ಟ ನಡುವೆ ಕೂತು ಅಂಗಿಯ ತೋಳು ಮಡಚಿದರು.

ಗಂಗವ್ವ ಬುಟ್ಟಿ ಸೊಂಟಕ್ಕಿಟ್ಟು ಬಂದಳು. ಮೊದಲ ತಾಟಿಗೆ ರೊಟ್ಟಿ, ಎರಡನೆಯದಕ್ಕೆ ರೊಟ್ಟಿ, ನನಗೆ, ಮಹಾಂತೇಶನಿಗೆ. ಪ್ರಮೋದ ಸರ್ ಮುಂದೆ ಕೈ ನಿಲ್ಲಲೇ ಇಲ್ಲ, ಅವರ ಆಚೆಯವರ ತಾಟಿಗೆ ಹೋಯಿತು. ಪಲ್ಯ ತಂದಳು, ಹಾಗೆಯೇ ದಾಟಿದಳು. ಶೇಂಗಾ ಹಿಂಡಿ, ಮೊಸರು, ಹಾಗೆಯೇ. ಸರ್ ಮೊದಲು ನಕ್ಕರು. ಎರಡನೆಯ ಸುತ್ತಿಗೂ ರೊಟ್ಟಿ ದಾಟಿ ಹೋದಾಗ ತಾಟು ಸ್ವಲ್ಪ ಮುಂದೆ ಸರಿಸಿದರು.

"ಗಂಗವ್ವಾ, ನನಗ ರೊಟ್ಟಿ ಬರಲಿಲ್ಲಲ್ಲ?"

"ಕೊಟ್ಟೈತ್ರಿ ಸಾಹೇಬ್ರ," ಎಂದಳು ಗಂಗವ್ವ, ತಲೆ ಎತ್ತದೆ, ಎಲ್ಲರಿಗೂ ಕೇಳುವಂತೆ. "ನನ್ನ ಲೆಕ್ಕದಾಗ ಕೊಟ್ಟೈತಿ ಅಂತ ಐತಿ."

ಡ್ರೈವರನ ಕೈಯ ತುತ್ತು ಕೈಯಲ್ಲೇ ನಿಂತಿತು. ಪ್ರಮೋದ ಸರ್ ಒಂದೇ ಮಾತು ಆಡಿದ್ದರೆ ಸಾಕಿತ್ತು. ಆ ಮಾತಿಗಾಗಿ ನಾವೆಲ್ಲ ಅವರ ಬಾಯಿ ನೋಡುತ್ತಿದ್ದೆವು, ಅವಳೂ ಬುಟ್ಟಿ ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದಳು. ಅವರು ಏಳಲೆಂದು ನೆಲಕ್ಕೆ ಕೈ ಊರಿದರು.

"ಸಾಲ ಮುಗಿಯೂತನಾ ಏಳಾಂಗಿಲ್ರಿ," ಎಂದಳು ಗಂಗವ್ವ. "ಹಿಂದಿನಾವ್ರಿಗೆ ತಪ್ಪತೈತಿ."

ಕೂತರು. ನಾವೆಲ್ಲ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮೊಸರನ್ನ ಕಲಸಿ ಉಂಡು ಮುಗಿಸುವತನಕ ಹೊಳೆಯುವ ಖಾಲಿ ತಾಟಿನ ಮುಂದೆ ಕೂತರು. ನಾನು ಬೇಕೆಂದೇ ನಿಧಾನವಾಗಿ ಉಂಡೆ. ಸಾಲು ಎದ್ದಾಗ ಅವರೂ ಎದ್ದು, ನಮ್ಮೊಂದಿಗೆ ಹಿತ್ತಿಲ ಹಂಡೆಯ ಹತ್ತಿರ ಬಂದು, ಒಂದಗುಳು ಹತ್ತದ ಕೈಯನ್ನು ತೊಳೆದುಕೊಂಡರು. ಅದೂ ಗಂಗವ್ವನ ನೀರು. ಅದೂ ಎರಡು ತಂಬಿಗೆ.